ಅಡಿಕೆ ಮರದಿಂದ ಬಿದ್ದವರ ಇಇಜಿ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಕೊನೆಗೌಡರದು, ಅಂದರೆ ಮರ ಹತ್ತಿ ಅಡಿಕೆ ಗೊನೆ (ಕೊನೆ) ಕೊಯ್ಯುವವರದು. ವಯಸ್ಸು 32. ಹದಿನೆಂಟರ ಹರೆಯದಿಂದ ಅಡಿಕೆ ಮರ ಹತ್ತುತ್ತಿದ್ದಾರೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ವೈದ್ಯನಾಗಿ ನಾನು ಅವರನ್ನು ಮೊದಲು ನೋಡಿದ್ದು ಅವರು ಬಿದ್ದ ಮೇಲೆ ಏಳನೇ ವಾರದಲ್ಲಿ. ಆಗ ಅವರ ಹೆಂಡತಿಯ ಕೈಯಲ್ಲಿ ಇಇಜಿಯ, ಅಂದರೆ ನೆತ್ತಿಯ ಮೇಲಿಂದ ಮೆದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆಯ, ಬಣ್ಣ ಬಣ್ಣದ ಒಂದು ವರದಿ ಇತ್ತು. ತಲೆಯ ಚಿತ್ರಗಳು, ಅಲ್ಲಲ್ಲಿ ಕೆಂಪು ಮಚ್ಚೆ. "ಡಾಕ್ಟ್ರೇ, ಮೆದುಳಿನಲ್ಲಿ ಅಲೆ ನಿಧಾನ ಆಗಿದೆಯಂತೆ. ಸರಿ ಆಗ್ತದಾ?" ಅಂತ ಅವರು ಕೇಳಿದರು. ಗಂಡ ಕೇಳಿದ್ದು ಬೇರೆ: "ನಾನು ಮರ ಹತ್ತಬಹುದಾ, ಇಲ್ವಾ?"

ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ದೂರ ಇದೆ ಎನ್ನುವುದೇ ಈ ಪ್ರಕರಣದ ತಿರುಳು.

ಬಿದ್ದದ್ದು ಹೇಗೆ

ನವೆಂಬರ್ ಕೊನೆ, ಕೊಯ್ಲು ಜೋರಾಗಿದ್ದ ಸಮಯ. ಬೆಳಗ್ಗೆಯಿಂದ ಮರದಿಂದ ಮರಕ್ಕೆ ದಾಟುತ್ತಾ ಕೊನೆ ತೆಗೆದಿದ್ದರು. ಕೊನೆಗೆ ಇಳಿಯುವಾಗ, ನೆಲಕ್ಕೆ ಇನ್ನು ಹತ್ತು ಅಡಿ ಇರುವಾಗ ಕಾಲು ಜಾರಿತು. ಬಿದ್ದ ರಭಸಕ್ಕೆ ತಲೆಯ ಬಲಭಾಗ ಪಕ್ಕದ ಮರದ ಬುಡಕ್ಕೆ ಬಡಿಯಿತು. ಪೂರ್ತಿ ಎಚ್ಚರ ತಪ್ಪಲಿಲ್ಲ. ಆದರೆ "ಎಷ್ಟು ಮರ ಆಯ್ತು?" ಅಂತ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರು ಅಂತ ಕೆಳಗೆ ಹಗ್ಗ ಹಿಡಿದಿದ್ದವರು ಹೇಳಿದರು. ಒಂದು ಸಲ ವಾಂತಿ ಆಯಿತು. ಬಿದ್ದ ನಂತರದ ಸುಮಾರು ಅರ್ಧ ಗಂಟೆ ಅವರಿಗೆ ಇವತ್ತಿಗೂ ನೆನಪಿಲ್ಲ.

ತಾಲ್ಲೂಕು ಕೇಂದ್ರದಲ್ಲಿ ನೋಡಿದಾಗ ಗ್ಲಾಸ್ಗೋ ಕೋಮಾ ಅಳತೆ 14 ಇತ್ತು. 1974ರಲ್ಲಿ ಗ್ಲಾಸ್ಗೋದಲ್ಲಿ ರೂಪಿಸಿದ ಈ ಅಳತೆಯಲ್ಲಿ ಕಡಿಮೆ ಅಂದರೆ 3, ಪೂರ್ತಿ ಎಚ್ಚರ ಇದ್ದರೆ 15. 13ರಿಂದ 15 ಇದ್ದರೆ 'ಲಘು' ಪೆಟ್ಟು ಅನ್ನುತ್ತಾರೆ. ಪೆಟ್ಟಿನಿಂದ ಮೆದುಳಿನ ಕೆಲಸ ಸ್ವಲ್ಪ ಕಾಲ ಏರುಪೇರಾಗುವ ಕನ್‌ಕಷನ್ ಇದೇ ಗುಂಪಿಗೆ ಸೇರುತ್ತದೆ. ಮೂರು ಅಡಿಗಿಂತ ಮೇಲಿಂದ ಬಿದ್ದು ನೆನಪು ತಪ್ಪಿದ್ದರೆ, ಗೊಂದಲ ಇದ್ದರೆ ಸಿಟಿ ಸ್ಕ್ಯಾನ್ ಮಾಡಿಸುವುದನ್ನು ಯೋಚಿಸಬೇಕು ಅಂತ ಕೆನಡಾದ ವೈದ್ಯರು 2001ರಲ್ಲಿ ಮಾಡಿದ ನಿಯಮ ಹೇಳುತ್ತದೆ. ಹತ್ತು ಅಡಿ ಅಂದರೆ ಅನುಮಾನವೇ ಇಲ್ಲ. ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಸಿಟಿಯಲ್ಲಿ ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ. ರಾತ್ರಿ ಇಟ್ಟುಕೊಂಡು ನೋಡಿ, ಮರುದಿನ ಮನೆಗೆ ಕಳಿಸಿದರು.

ಸಿಟಿ ನಾರ್ಮಲ್ ಬಂದರೆ ಮನೆಯವರು "ಏನೂ ಆಗಿಲ್ಲ" ಅಂದುಕೊಳ್ಳುತ್ತಾರೆ. ಕನ್‌ಕಷನ್‌ನಲ್ಲಿ ಸಿಟಿ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ. ಅಲ್ಲಿ ಕೆಡುವುದು ಕಣ್ಣಿಗೆ ಕಾಣುವ ರಚನೆಯಲ್ಲ, ಜೀವಕೋಶಗಳ ಕೆಲಸ. ಪೆಟ್ಟು ಬಿದ್ದ ಕೂಡಲೇ ನರಕೋಶದಿಂದ ಪೊಟ್ಯಾಸಿಯಂ ಹೊರಗೆ ನುಗ್ಗುತ್ತದೆ, ಕ್ಯಾಲ್ಸಿಯಂ ಒಳಗೆ ಬರುತ್ತದೆ. ಅದನ್ನು ಮತ್ತೆ ಸರಿಪಡಿಸಲು ಕೋಶಕ್ಕೆ ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ರಕ್ತದ ಹರಿವು ಸಾಲದೆ ಬರುತ್ತದೆ. ಗಿಜಾ ಮತ್ತು ಹೋವ್ಡಾ ಎಂಬ ಸಂಶೋಧಕರು 2001ರಲ್ಲಿ ಇದನ್ನೆಲ್ಲ ಒಟ್ಟು ಮಾಡಿ ವಿವರಿಸಿದರು. ಇದು ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ದೊಡ್ಡವರಲ್ಲಿ ಜಾಸ್ತಿ ಮಂದಿ ಎರಡು ವಾರಗಳ ಆಸುಪಾಸಿನಲ್ಲಿ ಚೇತರಿಸಿಕೊಳ್ಳುತ್ತಾರೆ. ನಾಲ್ಕು ವಾರ ದಾಟಿದರೆ 'ಮುಂದುವರಿದ ಲಕ್ಷಣ' ಅನ್ನುತ್ತೇವೆ.

ಇವರು ದಾಟಿದ್ದರು.

ಕತ್ತಲ ಕೋಣೆಯ ಮೂರು ವಾರ

ಮನೆಗೆ ಬಂದ ಮೇಲೆ ನೆಂಟರು, ಅಕ್ಕಪಕ್ಕದವರು ಎಲ್ಲರೂ ಹೇಳಿದ್ದು ಒಂದೇ: ತಲೆಗೆ ಪೆಟ್ಟು, ಅಲ್ಲಾಡಬಾರದು. ಕಿಟಕಿ ಮುಚ್ಚಿ, ಮೊಬೈಲ್ ಕಿತ್ತುಕೊಂಡು ಮೂರು ವಾರ ಮಲಗಿಸಿದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಈಗಿನ ತಿಳಿವಳಿಕೆ ಅದಕ್ಕೆ ಉಲ್ಟಾ ಇದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ್ದ ಕ್ರೀಡಾ ಕನ್‌ಕಷನ್ ತಜ್ಞರ ಸಮ್ಮೇಳನದ ಹೇಳಿಕೆ 2023ರಲ್ಲಿ ಪ್ರಕಟವಾಯಿತು. ಮೊದಲ 24ರಿಂದ 48 ಗಂಟೆ ಮಿತವಾದ ವಿಶ್ರಾಂತಿ, ಸ್ಕ್ರೀನ್ ಕಡಿಮೆ, ಆಮೇಲೆ ನಡಿಗೆಯಂಥ ಹಗುರ ಚಟುವಟಿಕೆ ಶುರು ಮಾಡಬೇಕು ಅಂತ ಅದು ಹೇಳುತ್ತದೆ. ಲಕ್ಷಣ ಪೂರ್ತಿ ಹೋಗುವವರೆಗೆ ಮಲಗಿರುವುದು ಒಳ್ಳೆಯದಲ್ಲ ಅಂತ ಸ್ಪಷ್ಟವಾಗಿಯೇ ಇದೆ.

ನನ್ನ ಹತ್ತಿರ ಬಂದಾಗ ಅವರ ದೂರುಗಳು ಹೀಗಿದ್ದವು. ದಿನಾ ತಲೆನೋವು. ಮೇಲೆ ನೋಡಿದರೆ, ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ತಲೆ ಗಿರ್ರನೆ ಸುತ್ತುವುದು. ಅಡಿಕೆ ಸುಲಿಯುವ ಯಂತ್ರದ ಸದ್ದು ತಡೆಯಲಾಗದು. ಸಿಟ್ಟು. ನಿದ್ದೆ ಇಲ್ಲ. ಹೆಂಡತಿ ಇನ್ನೊಂದನ್ನು ಸೇರಿಸಿದರು: "ಒಮ್ಮೊಮ್ಮೆ ಸುಮ್ನೆ ಕೂತಿರ್ತಾರೆ, ಕರೆದ್ರೂ ಕೇಳಿಸ್ದೇ ಇದ್ದ ಹಾಗೆ."

ಮಾತ್ರೆಗಳ ಚೀಟಿ ನೋಡಿದೆ. ತಲೆಸುತ್ತಿಗೆ ಸಿನ್ನರಿಜಿನ್ ಇರುವ ಮಾತ್ರೆ ಆರು ವಾರದಿಂದ ನಿಲ್ಲದೆ ನಡೆದಿತ್ತು. ನಿದ್ದೆಗೆ ಕ್ಲೊನಾಜೆಪಾಂ. ತಲೆನೋವಿನ ಮಾತ್ರೆ ದಿನಾ. ಈ ಚೀಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆರನೇ ವಾರದಲ್ಲಿ ಸಂಬಂಧಿಕರೊಬ್ಬರ ಮಾತು ಕೇಳಿ ದೂರದ ಊರಿನ ಒಂದು ಕೇಂದ್ರಕ್ಕೆ ಹೋಗಿದ್ದರು. ಅಲ್ಲಿ ಕ್ಯೂಇಇಜಿ, ಅಂದರೆ ಇಇಜಿ ಅಲೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಆರೋಗ್ಯವಂತರ ಅಳತೆಗೆ ಹೋಲಿಸುವ ಪರೀಕ್ಷೆ, ಮಾಡಿ ಬಣ್ಣದ ನಕ್ಷೆ ಕೊಟ್ಟರು. ಥೀಟಾ ಅಲೆ ಜಾಸ್ತಿ, ಬೀಟಾ ಜಾಸ್ತಿ, ಮೆದುಳು ಇನ್ನೂ ಗುಣವಾಗಿಲ್ಲ ಅಂತ ಹೇಳಿದರು. ಸರಿಪಡಿಸಲು ನ್ಯೂರೋಫೀಡ್‌ಬ್ಯಾಕ್ ಅನ್ನುವ, ಮೆದುಳಿನ ಅಲೆಯನ್ನು ಪರದೆಯಲ್ಲಿ ತೋರಿಸುತ್ತಾ ಅದನ್ನು ಬದಲಿಸಲು ಅಭ್ಯಾಸ ಮಾಡಿಸುವ ಚಿಕಿತ್ಸೆಯ ಪ್ಯಾಕೇಜು ಹೇಳಿದರು. ಕೂಲಿ ನಿಂತ ಮನೆಗೆ ಅದು ಸಾಲ ಮಾಡಬೇಕಾದ ಮೊತ್ತ. ಆಮ್‌ಸ್ಟರ್‌ಡ್ಯಾಮ್ ಹೇಳಿಕೆ ಶಿಫಾರಸು ಮಾಡಿರುವ ಚಿಕಿತ್ಸೆಗಳಲ್ಲಿ ಅದು ಇಲ್ಲ. ಮನೆಯವರು ಒಡವೆ ಅಡ ಇಡುವ ಮಾತಾಡುತ್ತಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು.

ಆ ನಕ್ಷೆಯಲ್ಲಿ ಏನಿತ್ತು

ಇಇಜಿ ಹೊಸದೇನಲ್ಲ. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿಂದ ಮೊದಲು ಹಿಡಿದದ್ದು 1924ರಲ್ಲಿ. ಪ್ರಕಟಿಸಿದ್ದು 1929ರಲ್ಲಿ. ನೆತ್ತಿಯ ಮೇಲೆ ಸಿಗುವುದು ಬಹಳ ಸಣ್ಣ ವೋಲ್ಟೇಜು. ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಒಂದು ಮೈಕ್ರೋವೋಲ್ಟ್ ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸಾಗರದ ಮಾರಿಜಾತ್ರೆಯ ಗದ್ದಲವನ್ನು ಊರಾಚೆ ನಿಂತು ಕೇಳಿದ ಹಾಗೆ ಇದು. ಒಬ್ಬೊಬ್ಬರ ಮಾತು ಕೇಳಿಸುವುದಿಲ್ಲ, ಆದರೆ ಜನ ಸೇರಿದ್ದಾರಾ, ಚದುರಿದ್ದಾರಾ ಅಂತ ಗೊತ್ತಾಗುತ್ತದೆ.

ಕಣ್ಣು ಮುಚ್ಚಿ ಎಚ್ಚರವಾಗಿ ಕೂತವರಲ್ಲಿ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏಳುವ ಆಲ್ಫಾ ಅಲೆ ಕಾಣುತ್ತದೆ. 4ರಿಂದ 8 ಇದ್ದರೆ ಥೀಟಾ. ಅದಕ್ಕಿಂತ ನಿಧಾನ ಡೆಲ್ಟಾ. ಆಲ್ಫಾಗಿಂತ ವೇಗದ್ದು ಬೀಟಾ. ಕನ್‌ಕಷನ್ ಆದವರ ಗುಂಪನ್ನು ಆಗದವರ ಗುಂಪಿನ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಆಲ್ಫಾ ಕಡಿಮೆ, ಥೀಟಾ ಜಾಸ್ತಿ ಕಂಡಿರುವುದು ಉಂಟು. ಅದು ಸುಳ್ಳಲ್ಲ.

ತೊಂದರೆ ಇರುವುದು ಥೀಟಾ ಜಾಸ್ತಿ ಆಗಲು ಬೇರೆ ಕಾರಣಗಳೂ ಇರುವುದರಲ್ಲಿ. ಮೊದಲನೆಯದು ತೂಕಡಿಕೆ. ಪರೀಕ್ಷೆಯ ದಿನ ಇವರು ನಸುಕಿನ ಬಸ್ಸು ಹಿಡಿದಿದ್ದರು. ಹಿಂದಿನ ರಾತ್ರಿ ಮೂರು ಗಂಟೆಯೂ ನಿದ್ದೆ ಇರಲಿಲ್ಲ. ಮೇಲಿಂದ ಸಿನ್ನರಿಜಿನ್, ಅದೂ ತೂಕಡಿಕೆ ತರುವ ಔಷಧಿ. ಇನ್ನು ಕ್ಲೊನಾಜೆಪಾಂ ಸೇರಿದ ಗುಂಪಿನ ಔಷಧಿಗಳು ಬೀಟಾ ಅಲೆಯನ್ನು ಹೆಚ್ಚಿಸುತ್ತವೆ. ಇಇಜಿ ಓದಲು ಕಲಿಯುವವರಿಗೆ ಶುರುವಿನಲ್ಲೇ ಹೇಳಿಕೊಡುವ ಸಂಗತಿ ಇದು. ವರದಿಯಲ್ಲಿ ಔಷಧಿಯ ಹೆಸರೂ ಇರಲಿಲ್ಲ, ನಿದ್ದೆಯ ಮಾತೂ ಇರಲಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಹೋಗಿದ್ದರಂತೆ. ಎಣ್ಣೆ ಇದ್ದರೆ ಎಲೆಕ್ಟ್ರೋಡು ಚರ್ಮಕ್ಕೆ ಸರಿಯಾಗಿ ತಾಗುವುದಿಲ್ಲ. ಹಾಗಾದಾಗ ಗೀಚುಗಳಲ್ಲಿ ಮೆದುಳಿನದ್ದು ಯಾವುದು, ಸುಮ್ಮನೆ ಕೊರಕೊರ ಯಾವುದು ಅಂತ ಹೇಳುವುದೇ ಕಷ್ಟ.

ಇನ್ನೊಂದು ಲೆಕ್ಕವೂ ಇದೆ. ಹೆಂಡತಿಗೆ ಅದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ತಲೆಯ ಮೇಲೆ 19 ಎಲೆಕ್ಟ್ರೋಡು. ಒಂದೊಂದರಲ್ಲೂ ಐದು ಬಗೆಯ ಅಲೆ ಅಳೆದರು ಅಂತಿಟ್ಟುಕೊಳ್ಳಿ. ಒಟ್ಟು 95 ಸಂಖ್ಯೆ. ಆರೋಗ್ಯವಂತರಲ್ಲಿ ನೂರಕ್ಕೆ ಐವರು ಹೊರಗೆ ಬೀಳುವ ಹಾಗೆ ಗೆರೆ ಎಳೆದರೆ, ಏನೂ ಆಗದ ಒಬ್ಬರ ನಕ್ಷೆಯಲ್ಲೂ ಸರಾಸರಿ ನಾಲ್ಕೈದು ಕಡೆ 'ಅಸಹಜ' ಬರುತ್ತದೆ. ಇವರ ನಕ್ಷೆಯಲ್ಲಿ ಕೆಂಪು ಮಚ್ಚೆ ಆರು ಇದ್ದವು. "ಹಾಗಾದ್ರೆ ನನ್ನ ತಲೆಗೂ ಕೆಂಪು ಬರ್ತದಾ?" ಅಂತ ಕೇಳಿದರು. ಬರಬಹುದು ಅಂದೆ. ಆ ಹೊತ್ತಿಗೆ ಅವರ ಮುಖದಲ್ಲಿದ್ದ ಹೆದರಿಕೆ ಸ್ವಲ್ಪ ಇಳಿಯಿತು.

ಅಮೆರಿಕದ ನರರೋಗ ತಜ್ಞರ ಅಕಾಡೆಮಿ ಮತ್ತು ಅಲ್ಲಿನ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಸೊಸೈಟಿ 1997ರಲ್ಲೇ ಇದನ್ನು ಪರಿಶೀಲಿಸಿದ್ದವು. ಲಘು ತಲೆಪೆಟ್ಟಿನ ನಂತರದ ತೊಂದರೆಗೆ ಕ್ಯೂಇಇಜಿ ಬಳಸುವುದನ್ನು ಅವು ಶಿಫಾರಸು ಮಾಡಲಿಲ್ಲ. ಆಮ್‌ಸ್ಟರ್‌ಡ್ಯಾಮ್ ಹೇಳಿಕೆಯೂ ಇಂಥ ಅಳತೆಗಳನ್ನು ಸಂಶೋಧನೆಯ ಜಾಗದಲ್ಲೇ ಇಟ್ಟಿದೆ. ಹಣೆಯ ಮೇಲಿನ ಇಇಜಿ ಬಳಸುವ ಬ್ರೇನ್‌ಸ್ಕೋಪ್‌ನಂಥ ಉಪಕರಣಕ್ಕೆ ಅಮೆರಿಕದ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿದೆ, ನಿಜ. ಅದು ಮುಖ್ಯವಾಗಿ ಪೆಟ್ಟು ಬಿದ್ದ ಹೊಸದರಲ್ಲಿ ಸಿಟಿ ಬೇಕಾ ಬೇಡವಾ ಅಂತ ನಿರ್ಧರಿಸುವ ವೈದ್ಯರಿಗೆ ನೆರವಾಗಲು. ಆರನೇ ವಾರದಲ್ಲಿ ಮರ ಹತ್ತಬಹುದಾ ಅಂತ ಹೇಳಲು ಅಲ್ಲ.

ತೊಂದರೆ ಕಿವಿಯಲ್ಲಿತ್ತು

ಮೇಲೆ ನೋಡಿದರೆ ಸುತ್ತು, ಬಲಕ್ಕೆ ಹೊರಳಿದರೆ ಸುತ್ತು. ಈ ಎರಡು ಮಾತು ಕೇಳಿದ ಮೇಲೆ ಮೊದಲು ಮಾಡಬೇಕಾದ್ದು ಒಂದು ಮಂಚ ಇದ್ದರೆ ಸಾಕಾಗುವ ಪರೀಕ್ಷೆ. ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ್ದು. ಕೂತವರ ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಯುವಂತೆ ಬೇಗ ಮಲಗಿಸಬೇಕು. ಕಣ್ಣು ನೋಡುತ್ತಿರಬೇಕು. ಮಲಗಿಸುವ ಮುಂಚೆ ಕುತ್ತಿಗೆಗೆ ಪೆಟ್ಟಾಗಿಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದೆ.

ಕೆಲವು ಸೆಕೆಂಡ್ ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ತಿರುಚುತ್ತಾ ಮೇಲಕ್ಕೆ ಜಿಗಿಯತೊಡಗಿತು. ಅವರು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು "ಇದೇ, ಇದೇ" ಅಂದರು. ಅರ್ಧ ನಿಮಿಷದೊಳಗೆ ನಿಂತಿತು.

ಒಳಗಿವಿಯಲ್ಲಿ ಸುಣ್ಣದ ಅಂಶದ ಸಣ್ಣ ಹರಳುಗಳು ಇರುತ್ತವೆ. ಪೆಟ್ಟಿಗೆ ಅವು ಜಾಗ ಬಿಟ್ಟು ಅರ್ಧವೃತ್ತದ ನಾಳಕ್ಕೆ ಜಾರುತ್ತವೆ. ತಲೆ ಅಲ್ಲಾಡಿದಾಗ ಅವೂ ಉರುಳುತ್ತವೆ. ಲೋಕವೇ ತಿರುಗಿದಂತೆ ಅನಿಸುತ್ತದೆ. ಬಿಪಿಪಿವಿ ಅನ್ನುತ್ತೇವೆ. ತಲೆಪೆಟ್ಟಿನ ನಂತರ ಇದು ಅಪರೂಪವೇನಲ್ಲ. ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳನ್ನು ಮರಳಿ ಕಳಿಸುವ ವಿಧಾನವನ್ನು ಜಾನ್ ಎಪ್ಲಿ ಅನ್ನುವ ಅಮೆರಿಕದ ವೈದ್ಯರು ರೂಪಿಸಿದರು. 1992ರಲ್ಲಿ ಅವರ ಪ್ರಸಿದ್ಧ ಲೇಖನ ಬಂತು. ಕೆಲವೇ ನಿಮಿಷದ ಕೆಲಸ, ಔಷಧಿ ಬೇಡ. ಅವತ್ತೇ ಮಾಡಿದೆ. ಮುಂದಿನ ವಾರ ಇನ್ನೊಮ್ಮೆ ಮಾಡಬೇಕಾಯಿತು. ಆಮೇಲೆ ಮೇಲೆ ನೋಡಿದಾಗ ಬರುತ್ತಿದ್ದ ಆ ಗಿರಕಿ ನಿಂತುಹೋಯಿತು.

ಎಷ್ಟೇ ಎಲೆಕ್ಟ್ರೋಡು ಇಟ್ಟರೂ ಈ ಹರಳು ಇಇಜಿಯಲ್ಲಿ ಕಾಣುವುದಿಲ್ಲ. ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಕೊನೆಗೌಡರ ಬದುಕಿಗೆ ಅಡ್ಡ ನಿಂತಿದ್ದ ಮುಖ್ಯ ತೊಂದರೆ ಆ ಬಣ್ಣದ ನಕ್ಷೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ನಕ್ಷೆ ಕೈಗೆ ಬಂದ ಮೇಲೆ ಮನೆಯವರು ತಲೆಸುತ್ತನ್ನೂ ಅದರ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದರು.

ಉಳಿದವು ನಿಧಾನಕ್ಕೆ ಹಿಡಿತಕ್ಕೆ ಬಂದವು. ಸಿನ್ನರಿಜಿನ್ ನಿಲ್ಲಿಸಿದೆವು. ತಲೆಸುತ್ತನ್ನು ಅದುಮುವ ಮಾತ್ರೆ ಬಹಳ ದಿನ ನುಂಗಿದರೆ ಸಮತೋಲನವನ್ನು ಮೆದುಳು ಮತ್ತೆ ಕಲಿಯುವುದು ತಡವಾಗುತ್ತದೆ. ಕ್ಲೊನಾಜೆಪಾಂ ಒಮ್ಮೆಲೇ ಬಿಡುವಂತಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಸಿದೆವು. ದಿನಾ ನುಂಗುವ ನೋವಿನ ಮಾತ್ರೆಯೇ ತಲೆನೋವನ್ನು ಉಳಿಸುವುದುಂಟು, ಅದನ್ನೂ ಕಡಿಮೆ ಮಾಡಿದೆವು. ಕುತ್ತಿಗೆಗೆ ಫಿಸಿಯೋಥೆರಪಿ.

ಇಇಜಿ ಬೇಕಾಗಿದ್ದ ಜಾಗ

ಹಾಗಂತ ಇಇಜಿಯೇ ಬೇಡ ಅಂತಲ್ಲ. ಹೆಂಡತಿ ಹೇಳಿದ 'ಕರೆದ್ರೂ ಕೇಳಿಸ್ದೇ ಇರೋದು' ನನ್ನನ್ನು ಕಾಡುತ್ತಿತ್ತು. ಪೆಟ್ಟಿನ ನಂತರ ಫಿಟ್ಸ್ ಬರಬಹುದು. ಕೆಲವು ಫಿಟ್ಸಿನಲ್ಲಿ ಕೈಕಾಲು ಎಳೆಯುವುದಿಲ್ಲ, ಬರೀ ಮಂಕಾಗುತ್ತಾರೆ. ಐವತ್ತು ಅಡಿ ಎತ್ತರದಲ್ಲಿ ಹಾಗಾದರೆ? ಈ ಪ್ರಶ್ನೆಗೆ ಇಇಜಿ ಸರಿಯಾದ ಸಾಧನ.

ಶಿವಮೊಗ್ಗದ ನರರೋಗ ತಜ್ಞರೊಬ್ಬರ ಬಳಿ ಹತ್ತನೇ ವಾರದಲ್ಲಿ ಮಾಡಿಸಿದೆವು. ಹಿಂದಿನ ದಿನ ತಲೆಗೆ ಸ್ನಾನ, ಎಣ್ಣೆ ಇಲ್ಲ. ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದು ನಿದ್ದೆ ಮಾಡಿ ಬಂದರು. ನಿಂತ ಮಾತ್ರೆ, ಇನ್ನೂ ಇರುವ ಮಾತ್ರೆ ಎಲ್ಲ ಚೀಟಿಯಲ್ಲಿ ಬರೆದು ಕಳಿಸಿದೆ. ಎಚ್ಚರದ ಭಾಗ, ನಿದ್ದೆಯ ಭಾಗ ಎರಡೂ ದಾಖಲಾಯಿತು. ಆಲ್ಫಾ ಸೆಕೆಂಡಿಗೆ ಒಂಬತ್ತೂವರೆ, ಎರಡೂ ಕಡೆ ಸಮ. ಫಿಟ್ಸಿನ ಗುರುತು ಇಲ್ಲ. ಮೊದಲ ನಕ್ಷೆಯ 'ನಿಧಾನ' ಎಚ್ಚರದ ಭಾಗದಲ್ಲಿ ಕಾಣಲಿಲ್ಲ. ತೂಕಡಿಕೆ ಶುರುವಾದ ಕೂಡಲೇ ಥೀಟಾ ಬಂತು, ಎಲ್ಲರಿಗೂ ಬರುವ ಹಾಗೆ.

ಒಂದು ನಾರ್ಮಲ್ ಇಇಜಿಯಿಂದ ಫಿಟ್ಸ್ ಇಲ್ಲವೇ ಇಲ್ಲ ಅಂತ ಹೇಳುವಂತಿಲ್ಲ. ಅದಕ್ಕೇ ಹೆಂಡತಿಗೆ ಮಂಕಾದಾಗ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳಿದೆವು. ಎರಡು ವಿಡಿಯೋ ಬಂದವು. ಎರಡರಲ್ಲೂ ಭುಜ ಮುಟ್ಟಿದ ತಕ್ಷಣ ತಿರುಗಿ ಸರಿಯಾಗಿ ಮಾತಾಡಿದ್ದರು. ನಿದ್ದೆ ಸುಧಾರಿಸಿದ ಮೇಲೆ ಅದೂ ನಿಂತಿತು.

ಹಾಗಾದರೆ ಸಂಶೋಧಕರು ಕನ್‌ಕಷನ್‌ನಲ್ಲಿ ಇಇಜಿಯನ್ನು ಇಷ್ಟಕ್ಕೆ ಯಾಕೆ ಬಿಡುವುದಿಲ್ಲ ಅಂತ ಕೇಳಬಹುದು. ಅದಕ್ಕೆ ಕಾರಣ ಇದೆ. ಲಕ್ಷಣ ಹೋದ ದಿನವೇ ಮೆದುಳು ಪೂರ್ತಿ ಸರಿಯಾಗಿದೆ ಅಂತ ಹೇಳಲಾಗದು. 1965ರಲ್ಲಿ ಸ್ಯಾಮ್ಯುಯೆಲ್ ಸಟನ್ ಮತ್ತು ಜೊತೆಯವರು ಪಿ300 ಎಂಬ ಅಲೆಯನ್ನು ವರದಿ ಮಾಡಿದರು. ಕಿವಿಗೆ ಒಂದೇ ಥರದ ಸದ್ದು ಕೇಳಿಸುತ್ತಾ, ನಡುನಡುವೆ ಬೇರೆ ಸದ್ದು ಬಂದಾಗ ಅದನ್ನು ಎಣಿಸಲು ಹೇಳುತ್ತಾರೆ. ಬೇರೆ ಸದ್ದು ಬಂದು ಸುಮಾರು 300 ಮಿಲಿಸೆಕೆಂಡಿಗೆ ಈ ಅಲೆ ಏಳುತ್ತದೆ. ಗಮನ ಹೇಗೆ ಕೆಲಸ ಮಾಡುತ್ತಿದೆ ಎನ್ನುವುದರ ಗುರುತು ಇದು. ಕನ್‌ಕಷನ್ ಆದವರಲ್ಲಿ ಇದು ಚಿಕ್ಕದಾಗುವುದು, ತಡವಾಗುವುದು ಕಂಡಿದೆ. ಮೂವತ್ತು ವರ್ಷಕ್ಕೂ ಹಿಂದೆ ಕನ್‌ಕಷನ್ ಆಗಿದ್ದ ಮಾಜಿ ಆಟಗಾರರಲ್ಲೂ ಈ ವ್ಯತ್ಯಾಸ ಉಳಿದಿರುವುದನ್ನು ಕೆನಡಾದ ತಂಡವೊಂದು 2009ರಲ್ಲಿ ತೋರಿಸಿತು. ಇದು ಗಂಭೀರ ವಿಷಯ, ಇನ್ನೂ ಜಾಸ್ತಿ ಕೆಲಸ ನಡೆಯಲೇಬೇಕು. ಆದರೆ ಅಲ್ಲಿ ಸಿಕ್ಕಿದ್ದು ಗುಂಪಿನ ಸರಾಸರಿ. ಒಬ್ಬರ ಅಲೆ ನೋಡಿ ಹೇಳಬೇಕಾದರೆ ಪೆಟ್ಟಿಗೆ ಮುಂಚೆ ಅದೇ ವ್ಯಕ್ತಿಯ ಅಲೆ ಹೇಗಿತ್ತು ಅಂತ ಗೊತ್ತಿರಬೇಕು. ದೊಡ್ಡ ಕ್ರೀಡಾ ತಂಡಗಳಲ್ಲಿ ಋತು ಶುರುವಾಗುವ ಮುಂಚೆಯೇ ಅಳತೆ ತೆಗೆದಿಡಬಹುದು. ತೋಟದಲ್ಲಿ ಕೆಲಸ ಮಾಡುವವರಿಗೆ ಅದನ್ನು ಯಾರು ಮಾಡಿದ್ದಾರೆ?

ಮರಕ್ಕೆ ಮರಳುವ ಹಂತಗಳು

ಆಟಗಾರರಿಗೆ ಆರು ಹಂತದ ದಾರಿ ಇದೆ. ಹಂತಗಳ ನಡುವೆ ಕನಿಷ್ಠ 24 ಗಂಟೆ. ಕೊನೆಗೌಡರಿಗಾಗಿ ಬರೆದದ್ದು ನನ್ನ ಕೈಯಲ್ಲಿ ಇರಲಿಲ್ಲ. ಫಿಸಿಯೋಥೆರಪಿಸ್ಟ್, ಅವರು, ತೋಟದ ಯಜಮಾನರು, ನಾನು ಕೂತು ಮಾಡಿಕೊಂಡೆವು. ಆಟದಲ್ಲಿ ಮೈದಾನದ ಮೇಲೆ ಬೀಳುತ್ತಾರೆ, ಇಲ್ಲಿ ಐವತ್ತು ಅಡಿಯಿಂದ. ಅದಕ್ಕೆ ಒಂದು ಹಂತಕ್ಕೆ ಒಂದು ವಾರ ಅಂತ ಇಟ್ಟೆವು.

ಮೊದಲು ಏರುದಾರಿಯ ನಡಿಗೆ. ನಾಡಿ 130 ತಲುಪಿದಾಗ ತಲೆನೋವು ಏರುತ್ತಿತ್ತು. ಹಾಗಾಗಿ ಅದರ ನೂರಕ್ಕೆ ತೊಂಬತ್ತು, ಅಂದರೆ 117ರ ಒಳಗೆ ದಿನಾ 20 ನಿಮಿಷ. ಹೆಂಡತಿ ಮಣಿಕಟ್ಟು ಹಿಡಿದು 15 ಸೆಕೆಂಡ್ ಎಣಿಸುತ್ತಿದ್ದರು, 29 ದಾಟಬಾರದು. ಈ ಬಗೆಯ ವ್ಯಾಯಾಮಕ್ಕೆ ಆಧಾರ ಇದೆ. ಜಾನ್ ಲೆಡ್ಡಿ ಮತ್ತು ಜೊತೆಯವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೀಗೆ ವ್ಯಾಯಾಮ ಮಾಡಿದ ಹದಿಹರೆಯದವರು ಚೇತರಿಸಿಕೊಳ್ಳಲು ತೆಗೆದುಕೊಂಡ ಮಧ್ಯಮ ಅವಧಿ 13 ದಿನ. ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರದು 17. ಜೊತೆಗೆ ಒಂದು ಬೆರಳಿನ ಮೇಲೆ ಕಣ್ಣು ನೆಟ್ಟು ತಲೆಯನ್ನು ಆಚೀಚೆ ತಿರುಗಿಸುವ ಅಭ್ಯಾಸ.

ಆಮೇಲೆ ಅಂಗಳದ ಕೆಲಸ, ಸುಲಿಯುವ ಯಂತ್ರದ ಸದ್ದು. ನಂತರ ಕೆಳಗೆ ನಿಂತು ಹಗ್ಗ ಹಿಡಿಯುವುದು. ಅದಾದ ಮೇಲೆ ದೋಟಿ (ಉದ್ದನೆಯ ಕೋಲು) ಹಿಡಿದು ಮೇಲೆ ನೋಡುತ್ತಾ ಒಂದು ಗಂಟೆ. ಇಲ್ಲಿ ಅವರಿಗೆ ಮತ್ತೆ ತಲೆನೋವು ಬಂತು. ಒಂದು ಹಂತ ಹಿಂದೆ ಹೋಗಿ ಇನ್ನೊಂದು ವಾರ ನಿಂತೆವು. ಹಿಂದೆ ಹೋಗುವುದು ಅವರಿಗೆ ತುಂಬ ಬೇಸರ ತಂದಿತು. ಆ ವರ್ಷದ ಕೊಯ್ಲಿನ ಕೂಲಿ ಹೇಗೂ ಕೈ ತಪ್ಪಿತ್ತು. ಹಗ್ಗ ಹಿಡಿದ ದಿನಗಳಿಗೆ ಯಜಮಾನರು ಕೂಲಿ ಕೊಟ್ಟಿದ್ದರಿಂದಲೇ ಅವರು ಅವಸರ ಮಾಡದೆ ಉಳಿದರು. ನನ್ನ ಪ್ರಕಾರ ಅದು ಯಾವ ಔಷಧಿಗಿಂತ ಕಡಿಮೆಯಲ್ಲ.

ಏಪ್ರಿಲ್‌ನಲ್ಲಿ ಸೇಫ್ಟಿ ಬೆಲ್ಟ್ ಹಾಕಿ ಆಳೆತ್ತರ ಹತ್ತಿ ಇಳಿದರು. ಆಮೇಲೆ ಪೂರ್ತಿ ಒಂದು ಮರ. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಗೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟುವ ಕೆಲಸಕ್ಕೆ ಅರ್ಧ ದಿನದಂತೆ ಹೋದರು. ಮರದಿಂದ ಮರಕ್ಕೆ ದಾಟುವುದನ್ನು ಮಾತ್ರ ಇನ್ನೂ ಬಿಟ್ಟಿದ್ದಾರೆ. ಪ್ರತಿ ಮರವನ್ನೂ ಇಳಿದೇ ಹತ್ತುತ್ತಾರೆ.

ಈಗ ನಿದ್ದೆಗೆಟ್ಟ ಮಾರನೆಯ ದಿನ ಸ್ವಲ್ಪ ತಲೆನೋವು ಬರುತ್ತದೆ, ಅಷ್ಟೇ. ಕ್ಯೂಇಇಜಿ ಮತ್ತೆ ಮಾಡಿಸಲಿಲ್ಲ. ಹತ್ತನೇ ವಾರದ ಇಇಜಿಯ ಪೂರ್ತಿ ದಾಖಲೆಯನ್ನು ಪೆನ್‌ಡ್ರೈವಿನಲ್ಲಿ ತರಿಸಿ, ಅವತ್ತಿನ ನಿದ್ದೆ ಮತ್ತು ಮಾತ್ರೆಗಳ ವಿವರ ಸೇರಿಸಿ ಅವರ ಫೈಲಿನಲ್ಲಿ ಇಟ್ಟಿದ್ದೇನೆ. ಮುಂದೆ ಯಾವ ತಜ್ಞರಾದರೂ ಹೋಲಿಸಿ ನೋಡಬಹುದು. ಬಿಪಿಪಿವಿ ಮರುಕಳಿಸುವ ಕಾಯಿಲೆ. ಅದಕ್ಕೆ ಕೊಯ್ಲು ಶುರುವಾಗುವ ಮುಂಚೆ ಮತ್ತೆ ಬಂದು ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ, ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ತಾಗಿಸಿ ನಡೆಯುವ ಪರೀಕ್ಷೆ ಎರಡನ್ನೂ ಮಾಡಿಸಿಕೊಳ್ಳಬೇಕು ಅಂತ ಬರೆದುಕೊಟ್ಟಿದ್ದೇನೆ. ಬೆಳಗ್ಗೆ ಎದ್ದಾಗ ತಲೆ ಸುತ್ತಿದರೆ ಆ ದಿನ ಮರ ಇಲ್ಲ. ಯಜಮಾನರೂ ಇದಕ್ಕೆ ಒಪ್ಪಿದ್ದಾರೆ.